ಚಾ ಸಿವ್ ಕಲಿಯೋಣ: ಏರ್ ಫ್ರೈಯರ್‌ನಲ್ಲಿ ಕ್ಯಾಂಟನ್ ಶೈಲಿಯ ಹಂದಿಮಾಂಸ



ಈ ಸಂಚಿಕೆಯ ಪಾಠ ಒಂದು ಚೀನೀ ತಿನಿಸಿನದು. ಹೆಸರು ಚಾ ಸಿವ್. ನಾವು ದೆಹಲಿಯ ಮಯೂರ್ ವಿಹಾರ್‌ನಲ್ಲಿ ಹೋಟೆಲ್ ನಡೆಸುವವರು. ಯಮುನೆಯ ಪೂರ್ವ ದಡ, ನೋಯ್ಡಾದ ಗಡಿ. ಸುತ್ತಲೂ ಹೌಸಿಂಗ್ ಸೊಸೈಟಿಗಳ ಫ್ಲಾಟುಗಳು. ಕನ್ನಡಿಗರು, ಮಲಯಾಳಿಗಳು, ತಮಿಳರು, ಬಂಗಾಳಿಗಳು, ಈಶಾನ್ಯ ರಾಜ್ಯಗಳ ಹುಡುಗರು ಎಲ್ಲರೂ ಇಲ್ಲಿ ಇದ್ದಾರೆ. ಇಂಥ ಕಡೆ ಇಡ್ಲಿ, ವಡೆಯ ಜೊತೆಗೆ "ಪೋರ್ಕ್ ಇದೆಯಾ?" ಎಂದು ಕೇಳುವ ಗ್ರಾಹಕರೂ ಬರುತ್ತಾರೆ. ಬೆಂಗಳೂರು, ಮಂಗಳೂರು, ಮೈಸೂರಿನಲ್ಲಿ ಹೋಟೆಲ್ ನಡೆಸುವ ಬಂಧುಗಳಿಗೂ ಈ ಪ್ರಶ್ನೆ ಹೊಸದಲ್ಲ.

"ನಮ್ಮದು ಶುದ್ಧ ಸಸ್ಯಾಹಾರಿ, ಈ ಪಾಠ ನಮಗೇಕೆ?" ಎಂದು ಕೆಲವರು ಪುಟ ತಿರುಗಿಸಬಹುದು. ದಯವಿಟ್ಟು ಕೊನೆಯವರೆಗೆ ಓದಿ. ಇದರಲ್ಲಿ ಬಣ್ಣದ ವಿಷಯ ಇದೆ, ಕೈ ತೊಳೆಯುವ ವಿಷಯ ಇದೆ, ಲೆಕ್ಕದ ವಿಷಯ ಇದೆ. ಇವು ಮೂರೂ ಎಲ್ಲ ಅಡುಗೆಮನೆಗೂ ಬೇಕಾದವು. ಸಸ್ಯಾಹಾರಿಗಳಿಗಾಗಿ ಹಲಸಿನಕಾಯಿಯ ಕ್ರಮವನ್ನೂ ಕೊನೆಯಲ್ಲಿ ಕೊಟ್ಟಿದ್ದೇವೆ.

ಚಾ ಸಿವ್ ಎಂದರೇನು?

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ ಮತ್ತು ಹಾಂಗ್‌ಕಾಂಗ್ ಇದರ ತವರು. ಗುವಾಂಗ್‌ಡಾಂಗ್‌ನ ಮುಖ್ಯ ನಗರಕ್ಕೆ ಹಿಂದೆ ಕ್ಯಾಂಟನ್ ಎಂದು ಕರೆಯುತ್ತಿದ್ದರು, ಆದ್ದರಿಂದ ಕ್ಯಾಂಟನೀಸ್ ಅಡುಗೆ ಎಂಬ ಹೆಸರು ಬಂತು. "ಚಾ" ಎಂದರೆ ಕವಲು ಸಲಾಕೆ, "ಸಿವ್" ಎಂದರೆ ಬೆಂಕಿಯಲ್ಲಿ ಸುಡುವುದು. ಹಂದಿಮಾಂಸದ ಉದ್ದನೆಯ ಪಟ್ಟಿಗಳಿಗೆ ಸಿಹಿ-ಉಪ್ಪಿನ ಮಸಾಲೆ ಹಚ್ಚಿ, ಸಲಾಕೆಗೆ ಸಿಕ್ಕಿಸಿ, ಒಲೆಯೊಳಗೆ ತೂಗುಹಾಕಿ ಸುಡುತ್ತಿದ್ದರು. ಹೊರಗೆ ಕೆಂಪು ಹೊಳಪು, ಅಂಚಿನಲ್ಲಿ ಸ್ವಲ್ಪ ಕರಿಕು, ಒಳಗೆ ರಸ. ಹಾಂಗ್‌ಕಾಂಗ್‌ನ ಅಂಗಡಿಗಳಲ್ಲಿ ಗಾಜಿನ ಹಿಂದೆ ಇದನ್ನು ಸಾಲಾಗಿ ತೂಗುಹಾಕಿರುತ್ತಾರೆ. ತೆಳ್ಳಗೆ ಹೆಚ್ಚಿ ಅನ್ನದ ಮೇಲೆ ಇಟ್ಟು ಕೊಡುತ್ತಾರೆ, ಅಥವಾ ಚಿಕ್ಕದಾಗಿ ಕತ್ತರಿಸಿ ಹಬೆಯಲ್ಲಿ ಬೇಯಿಸಿದ ಬನ್ನಿನೊಳಗೆ ತುಂಬುತ್ತಾರೆ.

ನಮ್ಮಲ್ಲಿ ಚೈನೀಸ್ ಎಂದರೆ ಗೋಬಿ ಮಂಚೂರಿ ಎಂದು ಆಗಿಹೋಗಿದೆ. ಮಂಚೂರಿ ನಮ್ಮ ದೇಶದಲ್ಲೇ ಹುಟ್ಟಿದ್ದು. ಕೋಲ್ಕತ್ತದಲ್ಲಿ ಹುಟ್ಟಿ ಬೆಳೆದ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬೈಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಪ್ರಸಿದ್ಧ. ಗೋಬಿ ಅದರ ಹಿಂದೆ ಬಂತು. ಚಾ ಸಿವ್ ಮಾತ್ರ ಚೀನಾದ್ದೇ.

ಹಂದಿಮಾಂಸವೂ ಕನ್ನಡ ನಾಡಿಗೆ ಪರಕೀಯವಲ್ಲ. ಕೊಡಗಿನಲ್ಲಿ ಕಾಚಂಪುಳಿ ಹಾಕಿದ ಪಂದಿ ಕರಿ, ಕಡಂಬುಟ್ಟು ಇಲ್ಲದೆ ಕೈಲ್‌ಪೊಳ್ದ್ ಹಬ್ಬ ಆಗುವುದಿಲ್ಲ. ಮಂಗಳೂರಿನ ಕ್ರೈಸ್ತ ಬಂಧುಗಳ ಮನೆಯಲ್ಲಿ ಹಂದಿಮಾಂಸದ ಬಫಾತ್, ಸನ್ನ ಹಬ್ಬದ ಊಟ. ಹುಳಿ ಮತ್ತು ಖಾರದಲ್ಲಿ ಈ ಮಾಂಸ ಹೇಗೆ ಬೇಯುತ್ತದೆ ಎಂದು ನಮ್ಮವರಿಗೆ ಗೊತ್ತು. ಸಿಹಿಯಲ್ಲಿ ಹೇಗೆ ಎಂಬುದನ್ನು ಈಗ ಕಲಿಯೋಣ.

ಏರ್ ಫ್ರೈಯರ್ ಏಕೆ?

ಈ ಯಂತ್ರ 2010ರಲ್ಲಿ ಮಾರುಕಟ್ಟೆಗೆ ಬಂತು. ಹೆಸರಿನಲ್ಲಿ ಫ್ರೈ ಇದ್ದರೂ ಇದು ಕರಿಯುವ ಬಾಣಲೆ ಅಲ್ಲ, ಒಂದು ಪುಟ್ಟ ಓವನ್. ಮೇಲೆ ಕಾಯಿಲ್, ಅದರ ಮೇಲೆ ಫ್ಯಾನ್. ಬಿಸಿ ಗಾಳಿ ಜೋರಾಗಿ ಸುತ್ತಿ ಪದಾರ್ಥದ ಎಲ್ಲಾ ಮಗ್ಗುಲಿಗೂ ತಾಗುತ್ತದೆ. ಸಲಾಕೆಗೆ ತೂಗುಹಾಕಿದಾಗ ಮಾಂಸದ ಸುತ್ತ ಬಿಸಿಗಾಳಿ ಆಡುವ ಕೆಲಸವನ್ನೇ ಇದರ ಜಾಲರಿ ಬುಟ್ಟಿ ಮಾಡುತ್ತದೆ. ಕೊಬ್ಬು ಕರಗಿ ಕೆಳಗಿನ ತಟ್ಟೆಗೆ ಇಳಿಯುತ್ತದೆ.

ದೆಹಲಿಯವರಿಗೆ ಇನ್ನೊಂದು ಕಾರಣ ಇದೆ. ಇಲ್ಲಿ ವಾಯುಮಾಲಿನ್ಯ ತಡೆಗೆ 2017ರಿಂದ ಗ್ರ್ಯಾಪ್ ಎಂಬ ಹಂತ ಹಂತದ ಕ್ರಮ ಇದೆ. ಅದರ ಮೊದಲ ಹಂತ ಜಾರಿಯಾದ ಕೂಡಲೇ ಹೋಟೆಲು, ಢಾಬಾಗಳ ತಂದೂರಿನಲ್ಲಿ ಇದ್ದಿಲು, ಸೌದೆ ಉರಿಸುವಂತಿಲ್ಲ. ಚಳಿಗಾಲದಲ್ಲಿ, ಜನ ಬಿಸಿ ಸುಟ್ಟ ತಿನಿಸು ಕೇಳುವ ಸಮಯದಲ್ಲೇ, ಇದ್ದಿಲು ಬಂದ್. ಹಾಗಾಗಿ ವಿದ್ಯುತ್ತಿನಲ್ಲಿ ಸುಡುವ ವಿದ್ಯೆ ಕಲಿತವನ ವ್ಯಾಪಾರ ನಿಲ್ಲುವುದಿಲ್ಲ.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. 4 ಲೀಟರ್‌ನ ಮನೆ ಯಂತ್ರದಲ್ಲಿ ಒಂದು ಸಲಕ್ಕೆ 400ರಿಂದ 500 ಗ್ರಾಂ ಮಾಂಸ ಮಾತ್ರ ಆಗುತ್ತದೆ. ಇದು ಹೋಟೆಲಿನ ಉತ್ಪಾದನೆಗೆ ಅಲ್ಲ, ಮನೆಯ ಪ್ರಯೋಗಕ್ಕೆ. ಮನೆಯಲ್ಲಿ ನಾಲ್ಕಾರು ಭಾನುವಾರ ಮಾಡಿ, ಅಳತೆ ಬರೆದಿಟ್ಟುಕೊಂಡು, ರುಚಿ ಒಂದೇ ಸಮ ಬಂದ ಮೇಲೆ ಹೋಟೆಲಿನ ಓವನ್ನಿಗೆ ತರಬೇಕು. ಹೊಸ ತಿನಿಸನ್ನು ನೇರವಾಗಿ ಗ್ರಾಹಕರ ಮೇಲೆ ಪ್ರಯೋಗ ಮಾಡುವುದಕ್ಕಿಂತ ಇದು ಅಗ್ಗ. ಮನೆ ಯಂತ್ರವನ್ನೇ ಹೋಟೆಲಿನಲ್ಲಿ ಇಟ್ಟು ದಿನವಿಡೀ ಓಡಿಸಿದರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಮಾಂಸ ಆರಿಸುವುದು

ಭುಜದ ಭಾಗ ತೆಗೆದುಕೊಳ್ಳಿ. ಅದರಲ್ಲಿ ಮಾಂಸದ ನಡುನಡುವೆ ಕೊಬ್ಬಿನ ಗೆರೆ ಇರುತ್ತದೆ. ಬೆನ್ನಿನ ಒಣ ಮಾಂಸ ಗಾಳಿಯ ರಭಸಕ್ಕೆ ನಾರಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಕೊಬ್ಬು ಜಾಸ್ತಿ, ಹೊಗೆ ಏಳುತ್ತದೆ. ನಮ್ಮ ಹತ್ತಿರದ ಗಾಜೀಪುರದ ಮಂಡಿ ಕೋಳಿ, ಮೀನಿಗೆ ಹೆಸರಾದದ್ದು. ಹಂದಿಮಾಂಸಕ್ಕೂ ಚೀನೀ ಸಾಸುಗಳಿಗೂ ದೆಹಲಿಯವರು ಐಎನ್‌ಎ ಮಾರುಕಟ್ಟೆಗೆ ಹೋಗುವುದು ರೂಢಿ. ಎಲ್ಲೇ ಕೊಂಡರೂ ಲೈಸೆನ್ಸ್ ಇರುವ ಅಂಗಡಿಯಿಂದಲೇ ಕೊಳ್ಳಿ, ಬಿಲ್ ತೆಗೆದುಕೊಳ್ಳಿ. ಮಾಂಸ ಗುಲಾಬಿ ಬಣ್ಣ ಇರಬೇಕು, ಒತ್ತಿದರೆ ಹಿಂದಕ್ಕೆ ಬರಬೇಕು, ಲೋಳೆ ಇರಬಾರದು. ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಕೊಳ್ಳಲೇಬೇಡಿ. ಏಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಬೇಕಾಗುವ ಸಾಮಾನು (1 ಕೆ.ಜಿ. ಮಾಂಸಕ್ಕೆ)

ಲೈಟ್ ಸೋಯಾ ಸಾಸ್ 3 ದೊಡ್ಡ ಚಮಚ, ಡಾರ್ಕ್ ಸೋಯಾ ಸಾಸ್ 1 ಚಿಕ್ಕ ಚಮಚ, ಹೊಯ್ಸಿನ್ ಸಾಸ್ 2 ದೊಡ್ಡ ಚಮಚ, ಸಕ್ಕರೆ ಅಥವಾ ಬೆಲ್ಲದ ಪುಡಿ 50 ಗ್ರಾಂ, ಬೆಳ್ಳುಳ್ಳಿ 6 ಎಸಳು ಅರೆದದ್ದು, ಶುಂಠಿ ರಸ 2 ಚಿಕ್ಕ ಚಮಚ, ಬಿಳಿ ಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ, ಪಂಚ ಮಸಾಲೆ ಪುಡಿ 1 ಚಿಕ್ಕ ಚಮಚ, ಎಳ್ಳೆಣ್ಣೆ 1 ಚಿಕ್ಕ ಚಮಚ, ಬ್ಯಾಡಗಿ ಮೆಣಸಿನ ರಸ 2 ದೊಡ್ಡ ಚಮಚ. ಬೇರೆ ಉಪ್ಪು ಬೇಡ, ಸೋಯಾ ಸಾಸಿನಲ್ಲೇ ಸಾಕಷ್ಟು ಇದೆ.

ಕೊನೆಗೆ ಹಚ್ಚುವ ಪಾಕಕ್ಕೆ: ಜೇನುತುಪ್ಪ 3 ದೊಡ್ಡ ಚಮಚ, ಸೋಯಾ ಸಾಸ್ 1 ಚಿಕ್ಕ ಚಮಚ, ಬಿಸಿನೀರು 1 ದೊಡ್ಡ ಚಮಚ.

ಚೀನೀ ಪಂಚ ಮಸಾಲೆ ಎಂದರೆ ಚಕ್ರಮೊಗ್ಗು, ಸೋಂಪು, ಚಕ್ಕೆ, ಲವಂಗ ಮತ್ತು ಸಿಚುವಾನ್ ಮೆಣಸು. ಮೊದಲ ನಾಲ್ಕು ನಮ್ಮ ಅಡುಗೆಮನೆಯಲ್ಲೇ ಇವೆ. ಸಿಚುವಾನ್ ಮೆಣಸಿನ ಹತ್ತಿರದ ನೆಂಟ ನಮ್ಮ ಕರಾವಳಿಯ ಜುಮ್ಮನಕಾಯಿ, ಅಂದರೆ ಕೊಂಕಣಿಗರು ಮೀನಿನ ಸಾರಿಗೆ ಹಾಕುವ ತೆಪ್ಪಲ. ಒಳಗಿನ ಕರಿ ಬೀಜ ತೆಗೆದು ಸಿಪ್ಪೆ ಮಾತ್ರ ಹುರಿದು ಪುಡಿ ಮಾಡಿ. ಚೀನೀಯರು ಹೊಳಪಿಗೆ ಮಾಲ್ಟೋಸ್ ಎಂಬ ಧಾನ್ಯದ ಪಾಕ ಹಚ್ಚುತ್ತಾರೆ. ಅದು ಸಿಗದ ಕಡೆ ಮಲೆನಾಡಿನ ಜೋನಿ ಬೆಲ್ಲ ಚೆನ್ನಾಗಿ ಒಗ್ಗುತ್ತದೆ. ಬಣ್ಣ ಸ್ವಲ್ಪ ಕಂದು ಬರುತ್ತದೆ, ರುಚಿ ಆಳವಾಗಿರುತ್ತದೆ.

ಮಾಡುವ ಕ್ರಮ

1. ಮಾಂಸವನ್ನು ನಾರಿನ ಉದ್ದಕ್ಕೆ 4 ಸೆಂ.ಮೀ. ದಪ್ಪ, 15 ಸೆಂ.ಮೀ. ಉದ್ದದ ಪಟ್ಟಿಗಳಾಗಿ ಕತ್ತರಿಸಿ. ಎಲ್ಲಾ ಪಟ್ಟಿ ಒಂದೇ ದಪ್ಪ ಇರಲಿ. ಒಂದು ದಪ್ಪ, ಒಂದು ತೆಳು ಆದರೆ ಒಂದು ಹಸಿ, ಒಂದು ಕರಿಕು.

2. ಮಸಾಲೆ ಕಲಸಿ ಮಾಂಸಕ್ಕೆ ಹಚ್ಚಿ, ಮುಚ್ಚಿ, ಫ್ರಿಜ್ಜಿನಲ್ಲಿ 12ರಿಂದ 24 ಗಂಟೆ ಇಡಿ. ಫ್ರಿಜ್ 5 ಡಿಗ್ರಿ ಸೆಲ್ಷಿಯಸ್ ಅಥವಾ ಅದಕ್ಕಿಂತ ಕೆಳಗೆ ಇರಲಿ. ಹೊರಗೆ ನೆನೆಯಲು ಇಡಬೇಡಿ. ದೆಹಲಿಯ ಜೂನ್ ತಿಂಗಳಲ್ಲಿ ಅಡುಗೆಮನೆಯ ಶಾಖ ಕ್ರಿಮಿಗಳಿಗೆ ಹಬ್ಬ. ಹಸಿ ಮಾಂಸ ಯಾವಾಗಲೂ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇರಬೇಕು.

3. ಯಂತ್ರವನ್ನು 180 ಡಿಗ್ರಿಯಲ್ಲಿ 5 ನಿಮಿಷ ಖಾಲಿ ಬಿಸಿ ಮಾಡಿ. ಕೆಳಗಿನ ತಟ್ಟೆಗೆ 3 ದೊಡ್ಡ ಚಮಚ ನೀರು ಹಾಕಿ. ಇಳಿಯುವ ಕೊಬ್ಬು ಸುಟ್ಟು ಹೊಗೆ ಬರುವುದು ತಪ್ಪುತ್ತದೆ.

4. ಮಾಂಸದ ಮೇಲಿನ ಹೆಚ್ಚಿನ ಮಸಾಲೆ ಒರೆಸಿ, ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ. ಒತ್ತೊತ್ತಾಗಿ ತುಂಬಿದರೆ ಗಾಳಿ ಆಡುವುದಿಲ್ಲ, ಮಾಂಸ ಸುಡುವ ಬದಲು ಬೆವರುತ್ತದೆ.

5. 180 ಡಿಗ್ರಿಯಲ್ಲಿ 10 ನಿಮಿಷ. ತಿರುಗಿಸಿ ಮತ್ತೆ 8 ನಿಮಿಷ.

6. ಈಗ ಜೇನಿನ ಪಾಕ ಹಚ್ಚಿ 200 ಡಿಗ್ರಿಯಲ್ಲಿ 3 ನಿಮಿಷ. ತಿರುಗಿಸಿ, ಪಾಕ ಹಚ್ಚಿ ಇನ್ನೂ 3 ನಿಮಿಷ. ಅಂಚು ಮಾತ್ರ ಕಪ್ಪಾಗಬೇಕು.

7. ಅತಿ ದಪ್ಪ ಪಟ್ಟಿಯ ನಡುವಿಗೆ ಥರ್ಮಾಮೀಟರ್ ಚುಚ್ಚಿ. 75 ಡಿಗ್ರಿ ಇರಬೇಕು. ಇಲ್ಲದಿದ್ದರೆ 160 ಡಿಗ್ರಿಗೆ ಇಳಿಸಿ ಇನ್ನೂ 3 ನಿಮಿಷ ಇಟ್ಟು ಮತ್ತೆ ನೋಡಿ.

8. ಹೊರತೆಗೆದು 10 ನಿಮಿಷ ಬಿಡಿ. ನಂತರ ನಾರಿಗೆ ಅಡ್ಡವಾಗಿ ಅರ್ಧ ಸೆಂ.ಮೀ. ದಪ್ಪಕ್ಕೆ ಹೆಚ್ಚಿ. ಬಿಸಿಯಲ್ಲೇ ಹೆಚ್ಚಿದರೆ ರಸವೆಲ್ಲಾ ಹಲಗೆಗೆ ಹರಿಯುತ್ತದೆ.

ಯಂತ್ರದಿಂದ ಯಂತ್ರಕ್ಕೆ ಎರಡು ಮೂರು ನಿಮಿಷ ವ್ಯತ್ಯಾಸ ಇರುತ್ತದೆ. ಗಡಿಯಾರಕ್ಕಿಂತ ಥರ್ಮಾಮೀಟರ್ ನಂಬಿ.

ಜೇನು ಕೊನೆಗೇ ಏಕೆ? ಸಕ್ಕರೆ ಸುಮಾರು 160 ಡಿಗ್ರಿಯಲ್ಲಿ ಕಂದಾಗಲು ಶುರುವಾದರೆ, ಜೇನಿನಲ್ಲಿರುವ ಫ್ರಕ್ಟೋಸ್ ಸುಮಾರು 110 ಡಿಗ್ರಿಗೇ ಕಂದಾಗುತ್ತದೆ. ಮೊದಲೇ ಹಚ್ಚಿದರೆ ಒಳಗೆ ಬೇಯುವ ಮೊದಲೇ ಹೊರಗೆ ಇದ್ದಿಲಾಗುತ್ತದೆ, ಕಹಿ ಬರುತ್ತದೆ. ಹಾಗೆಯೇ ಹಸಿ ಮಾಂಸ ನೆನೆದ ಮಸಾಲೆಯನ್ನು ಬೆಂದ ಮಾಂಸಕ್ಕೆ ಹಚ್ಚಬಾರದು. ಬೇಕೇ ಬೇಕಾದರೆ ಅದನ್ನು 5 ನಿಮಿಷ ಕೊತಕೊತ ಕುದಿಸಿ ಬಳಸಿ.

ಕೆಂಪು ಬಣ್ಣದ ಪ್ರಶ್ನೆ

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯ ಭಾಗ ಇದು. ಚಾ ಸಿವ್ ಕೆಂಪಗಿರುತ್ತದೆ. ಚೀನಾದಲ್ಲಿ ಹಿಂದಿನಿಂದ ಆ ಕೆಂಪು ಬರುವುದು ಕೆಂಪು ಯೀಸ್ಟ್ ಅಕ್ಕಿಯಿಂದ ಮತ್ತು ಅದು ಹಾಕಿ ಹುದುಗಿಸಿದ ಸೋಯಾ ಪನೀರಿನಿಂದ. ಈಗ ಎಷ್ಟೋ ಕಡೆ ಬಾಟಲಿಯ ಕೆಂಪು ಬಣ್ಣ ಸುರಿಯುತ್ತಾರೆ. ನಮ್ಮ ಅಡುಗೆಯವರೂ "ಸ್ವಲ್ಪ ಕಲರ್ ಹಾಕಲಾ?" ಎಂದು ಕೇಳಿಯೇ ಕೇಳುತ್ತಾರೆ.

ಹಾಕಬಾರದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಜೊತೆಗೆ ರೋಡಮಿನ್-ಬಿ ಕೂಡ. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಅನುಮತಿ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ಸಸ್ಯ, ಕೋಳಿ ಮತ್ತು ಮೀನಿನ ಕಬಾಬಿಗೂ ನಿಷೇಧ ಬಂತು. ತಪ್ಪಿದವರಿಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. "ಆದೇಶದಲ್ಲಿ ಹಂದಿಮಾಂಸದ ಹೆಸರಿಲ್ಲ, ದೆಹಲಿಗೆ ಆ ಆದೇಶ ಇಲ್ಲ" ಎಂದು ವಾದ ಮಾಡುವುದರಲ್ಲಿ ಅರ್ಥವಿಲ್ಲ. ದೇಶದ ಆಹಾರ ನಿಯಮದಲ್ಲೇ ಕೃತಕ ಬಣ್ಣಕ್ಕೆ ಅವಕಾಶ ಇರುವುದು ಐಸ್‌ಕ್ರೀಮ್, ಬಿಸ್ಕತ್ತು, ಮಿಠಾಯಿಯಂಥ ಕೆಲವು ಹೆಸರಿಸಿದ ತಿನಿಸುಗಳಿಗೆ ಮಾತ್ರ, ಅದೂ ಮಿತಿಯೊಳಗೆ. ಇಪ್ಪತ್ತು ವರ್ಷ ಕಷ್ಟಪಟ್ಟು ಕಟ್ಟಿದ ಹೋಟೆಲಿನ ಹೆಸರು ಒಂದು ಬಾಟಲಿ ಬಣ್ಣದಲ್ಲಿ ಹೋಗಬಾರದು.

ಇದಕ್ಕೆ ಪರಿಹಾರ ನಮ್ಮ ಹಾವೇರಿ ಜಿಲ್ಲೆಯಲ್ಲೇ ಇದೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ. 8 ಮೆಣಸಿನಕಾಯಿಯ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ. ಅದರಲ್ಲಿ 2 ದೊಡ್ಡ ಚಮಚ ಸಾಕು. ಬಾಟಲಿ ಬಣ್ಣದ ಹಾಗೆ ಕಣ್ಣಿಗೆ ಹೊಡೆಯುವ ಕೆಂಪು ಬರುವುದಿಲ್ಲ, ಇಟ್ಟಿಗೆ ಕೆಂಪು ಬರುತ್ತದೆ. ಗ್ರಾಹಕರು ಕೇಳಿದರೆ "ಬಣ್ಣ ಹಾಕಿಲ್ಲ, ಬ್ಯಾಡಗಿ ಮೆಣಸು" ಎಂದು ಹೆಮ್ಮೆಯಿಂದ ಹೇಳಿ. ಮೆನುವಿನಲ್ಲೇ ಬರೆಯಿರಿ.

ಲಾಡಿಹುಳು: ಸಸ್ಯಾಹಾರಿಗಳೂ ಓದಬೇಕಾದ ಭಾಗ

ಹಂದಿಮಾಂಸ ಎಂದ ಕೂಡಲೇ ಜನ ಲಾಡಿಹುಳುವಿನ ಭಯ ಹೇಳುತ್ತಾರೆ. ಭಯ ಸುಳ್ಳಲ್ಲ, ಆದರೆ ಅರ್ಧ ತಿಳಿವಳಿಕೆ. ಮಾಂಸದಲ್ಲಿ ಕಾಣುವ ಅಕ್ಕಿಕಾಳಿನಂಥ ಗುಳ್ಳೆಯೇ ಹುಳುವಿನ ಮರಿ. ಅರೆಬೆಂದ ಮಾಂಸ ತಿಂದವರ ಕರುಳಿನಲ್ಲಿ ಅದು ಹುಳುವಾಗಿ ಬೆಳೆಯುತ್ತದೆ. ಮಿದುಳಿಗೆ ಸೇರಿ ಫಿಟ್ಸ್ ತರುವ ಕಾಯಿಲೆ ಬರುವುದು ಮಾಂಸದಿಂದ ನೇರವಾಗಿ ಅಲ್ಲ, ಹುಳುವಿನ ಮೊಟ್ಟೆಯಿಂದ. ಆ ಮೊಟ್ಟೆ ಹುಳು ಇರುವ ಮನುಷ್ಯನ ಮಲದಲ್ಲಿ ಹೊರಬರುತ್ತದೆ. ಅವನು ಶೌಚದ ನಂತರ ಕೈ ತೊಳೆಯದೆ ಕೋಸಂಬರಿ ಕಲಸಿದರೆ, ಚಟ್ನಿ ಬಡಿಸಿದರೆ, ಅದನ್ನು ತಿಂದವರಿಗೆ ಕಾಯಿಲೆ. ಅಂದರೆ ಹುಟ್ಟಿದಾಗಿನಿಂದ ಮಾಂಸ ಮುಟ್ಟದವರಿಗೂ ಇದು ಬರಬಹುದು, ಶುದ್ಧ ಸಸ್ಯಾಹಾರಿ ಹೋಟೆಲಿನಿಂದಲೂ ಬರಬಹುದು.

ಹಾಗಾಗಿ ಕಾವಲು ಎರಡು ಕಡೆ ಬೇಕು. ಒಂದು, ಮಾಂಸದ ನಡುಭಾಗ ಪೂರ್ತಿ ಬೇಯಬೇಕು. ಎಫ್‌ಎಸ್‌ಎಸ್‌ಎಐ ನಿಯಮದ 4ನೇ ಷೆಡ್ಯೂಲಿನಲ್ಲಿ ಮಾಂಸಾಹಾರಕ್ಕೆ ನಡುಭಾಗದ ಶಾಖ 65 ಡಿಗ್ರಿ 10 ನಿಮಿಷ, ಅಥವಾ 70 ಡಿಗ್ರಿ 2 ನಿಮಿಷ, ಅಥವಾ 75 ಡಿಗ್ರಿ 15 ಸೆಕೆಂಡ್ ಎಂದು ಹೇಳಿದೆ. ನಾವು 75 ಎಂದು ಹೇಳಿದ್ದು ಅದಕ್ಕೇ. ವಿದೇಶದ ಪುಸ್ತಕಗಳಲ್ಲಿ 63 ಡಿಗ್ರಿ ಸಾಕು ಎಂದು ಇರುತ್ತದೆ, ಅದು ಅಲ್ಲಿಯ ಹಂದಿ ಸಾಕಣೆಗೆ ತಕ್ಕ ಮಾತು. ಎರಡು, ಅಡುಗೆಯವರು, ಬಡಿಸುವವರು, ತರಕಾರಿ ಹೆಚ್ಚುವವರು ಎಲ್ಲರಿಗೂ ಶೌಚಾಲಯದ ಹತ್ತಿರವೇ ಸೋಪು, ನೀರು ಇರಬೇಕು. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಇದು ಕಾನೂನು ಕೂಡ ಹೌದು. ತಪಾಸಣೆ ಎಂದರೆ ಸಹಿ ಹಾಕಿಸಿದ ಕಾಗದ ಅಲ್ಲ, ನಿಜವಾದ ತಪಾಸಣೆ. ಪಾತ್ರೆ ತೊಳೆಯುವ ಹುಡುಗನ ಆರೋಗ್ಯವೇ ಗ್ರಾಹಕರ ಆರೋಗ್ಯ.

ಹೋಟೆಲಿಗೆ ತರುವ ಮುನ್ನ

ಹಂದಿಮಾಂಸಕ್ಕೆ ಹಲಗೆ, ಚಾಕು, ಇಕ್ಕಳ, ತಟ್ಟೆ ಎಲ್ಲಾ ಬೇರೆ ಇರಲಿ, ಬಣ್ಣದ ಗುರುತು ಇರಲಿ. ಮೆನುವಿನಲ್ಲಿ ಹಂದಿಮಾಂಸ ಎಂದು ಸ್ಪಷ್ಟವಾಗಿ ಬರೆಯಿರಿ. "ಚಾ ಸಿವ್" ಎಂದು ಮಾತ್ರ ಬರೆದು ಗೊತ್ತಿಲ್ಲದವರಿಗೆ ಬಡಿಸುವುದು ನಂಬಿಕೆದ್ರೋಹ. ನಮ್ಮ ಸಿಬ್ಬಂದಿಯಲ್ಲೂ ಇದನ್ನು ಮುಟ್ಟಲು ಒಪ್ಪದವರು ಇರುತ್ತಾರೆ. ಅವರನ್ನು ಮೊದಲೇ ಕೇಳಿ, ಒತ್ತಾಯ ಮಾಡಬೇಡಿ. ಸೋಯಾ, ಗೋಧಿ, ಎಳ್ಳು ಕೆಲವರಿಗೆ ಅಲರ್ಜಿ, ಅದನ್ನೂ ತಿಳಿಸಿ. ಬಿಸಿಯಾಗಿ ಇಡುವುದಾದರೆ 65 ಡಿಗ್ರಿಗೆ ಕಡಿಮೆ ಆಗದಂತೆ ಇಡಿ. ಉಳಿದದ್ದನ್ನು 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಒಂದೇ ಸಲ ಬಿಸಿ ಮಾಡಿ ಬಳಸಿ.

ಲೆಕ್ಕ ಹೀಗೆ ಮಾಡಿ. 1 ಕೆ.ಜಿ. ಹಸಿ ಮಾಂಸ ಬೆಂದ ಮೇಲೆ ಸುಮಾರು 700 ಗ್ರಾಂ ಆಗುತ್ತದೆ. ಉದಾಹರಣೆಗೆ ಮಾಂಸಕ್ಕೆ 400 ರೂಪಾಯಿ, ಮಸಾಲೆಗೆ 60 ರೂಪಾಯಿ ಎಂದು ಇಟ್ಟುಕೊಳ್ಳಿ. 460 ರೂಪಾಯಿಗೆ 700 ಗ್ರಾಂ. ಒಂದು ಪ್ಲೇಟಿಗೆ 120 ಗ್ರಾಂ ಕೊಟ್ಟರೆ ಅದರ ಅಸಲು ಸುಮಾರು 79 ರೂಪಾಯಿ. ಹಸಿ ಮಾಂಸದ ತೂಕದಲ್ಲೇ ಲೆಕ್ಕ ಹಾಕಿದವನಿಗೆ ಇದು 55 ರೂಪಾಯಿ ಎಂದು ಕಾಣುತ್ತದೆ. ಪ್ಲೇಟಿಗೆ 24 ರೂಪಾಯಿ ಗೊತ್ತಿಲ್ಲದೆ ಸೋರಿಹೋಗುತ್ತದೆ. ಅನ್ನ, ಗ್ಯಾಸ್, ಕೂಲಿ, ಬಾಡಿಗೆ ಇದರ ಮೇಲೆ. ವಿದ್ಯುತ್ತಿನ ಚಿಂತೆ ಹೆಚ್ಚಿಲ್ಲ. 1500 ವ್ಯಾಟಿನ ಯಂತ್ರ ಅರ್ಧ ಗಂಟೆ ಓಡಿದರೆ ಮುಕ್ಕಾಲು ಯೂನಿಟ್ ಮಾತ್ರ.

ಸಸ್ಯಾಹಾರಿ ಬಂಧುಗಳಿಗೆ

ಎಳೆ ಹಲಸಿನಕಾಯಿ ದೆಹಲಿಯಲ್ಲಿ ಕಟಹಲ್ ಎಂಬ ಹೆಸರಿನಲ್ಲಿ ಧಾರಾಳ ಸಿಗುತ್ತದೆ, ನಮ್ಮ ಮಲೆನಾಡು, ಕರಾವಳಿಯಲ್ಲಿ ಹೇಳಬೇಕಾಗಿಯೇ ಇಲ್ಲ. ದೊಡ್ಡ ಹೋಳು ಮಾಡಿ ಮುಕ್ಕಾಲು ಬೇಯಿಸಿ, ನೀರು ಬಸಿದು ಆರಿಸಿ. ಇದೇ ಮಸಾಲೆಯಲ್ಲಿ 1 ಗಂಟೆ ನೆನೆಸಿ. ಸ್ವಲ್ಪ ಎಣ್ಣೆ ಸವರಿ 190 ಡಿಗ್ರಿಯಲ್ಲಿ 10 ನಿಮಿಷ, ನಂತರ ಪಾಕ ಹಚ್ಚಿ ಎರಡೂ ಮಗ್ಗುಲು 3 ನಿಮಿಷ. ಅಕ್ಕಿ ಕಡುಬಿನ ಜೊತೆಗೋ ಬನ್ನಿನೊಳಗೋ ಕೊಡಿ. ಮಂಚೂರಿಯಷ್ಟು ಎಣ್ಣೆ ಇಲ್ಲ, ಬಾಟಲಿ ಬಣ್ಣ ಇಲ್ಲ. ಮಾಂಸ ಬೇಯಿಸಿದ ಯಂತ್ರದಲ್ಲಿ ಮಾತ್ರ ಇದನ್ನು ಮಾಡಬೇಡಿ.

ಬಂಧುಗಳೇ, ಹೊಸ ತಿನಿಸು ಕಲಿಯಲು ದೊಡ್ಡ ಕಾಲೇಜು ಬೇಡ. ಒಂದು ತಕ್ಕಡಿ, ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಸಾಕು. ಪ್ರತಿ ಸಲ ತೂಕ, ಶಾಖ, ನಿಮಿಷ ಬರೆದಿಡಿ. ಮನೆಯವರು ಎರಡನೇ ಸಲ ಕೇಳಿ ಹಾಕಿಸಿಕೊಂಡರೆ ಹೋಟೆಲಿಗೆ ತನ್ನಿ. ಮಾಡಿ ನೋಡಿ, ನಿಮ್ಮ ಊರಿನ ಅಳತೆಯಲ್ಲಿ ಏನು ಬದಲಾಯಿಸಿದಿರಿ ಎಂದು ಇದೇ ಪುಟಕ್ಕೆ ಬರೆದು ತಿಳಿಸಿ. ಎಲ್ಲರಿಗೂ ಒಳ್ಳೆಯ ವ್ಯಾಪಾರ ಆಗಲಿ.